ಮೂರನೆಯ ಕೂಗಿಗೆ ಮೊದಲು

ಮೊನ್ನೆ ಬೆಳಗಾವಿಯ ಒಂದು ಬಟ್ಟೆ ಅಂಗಡಿಯಲ್ಲಿ ಲಿಫ್ಟ್ ಹತ್ತಿದೆ. ಹೊರಗೆ ಮಳೆ. ನನ್ನ ಹಿಂದೆಯೇ ಏಳೆಂಟು ಜನ ಒಳಗೆ ನುಗ್ಗಿದರು, ಎಲ್ಲರ ಕೈಯಲ್ಲೂ ನೀರು ಸೋರುವ ಕೊಡೆ. ಬಾಗಿಲು ಮುಚ್ಚಿತು. ಒದ್ದೆ ಕೊಡೆಯ ಬಟ್ಟೆ, ತಲೆಗೂದಲಿನ ಎಣ್ಣೆ, ಯಾರದೋ ಬೆವರು... ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕೈ ತಾನಾಗಿ ಗುಂಡಿ ಒತ್ತಿತು. ಸೊಸೆ ಮೇಲಿನ ಮಹಡಿಯಲ್ಲಿ ಕಾಯುತ್ತಿದ್ದಳು, ನಾನು ಮೊದಲ ಮಹಡಿಯಲ್ಲೇ ಇಳಿದುಬಿಟ್ಟೆ. ಮೆಟ್ಟಿಲು ಹತ್ತಿ ಹೋಗೋಣವೆಂದರೆ ಮೆಟ್ಟಿಲ ತುಂಬ ಜನ. ಗೋಡೆಗೆ ಬೆನ್ನು ಕೊಟ್ಟು ನಿಂತೆ. ನಿಂತಲ್ಲೇ ಖಾನಾವಳಿ ಅಕ್ಕಾರ ಧ್ವನಿ ಕೇಳಿಸಿತು. ನಲವತ್ತು ವರ್ಷ ಎಂದೋ ದಾಟಿವೆ. ಆ ಧ್ವನಿ ಈಗಲೂ ಬರುವುದು ಮೇಲಿನಿಂದಲೇ, ನಾನು ಕೆಳಗೆ ಬಿದ್ದಿರುವ ಹಾಗೆಯೇ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು ಅವು. ನಾನು ಖಾನಾಪುರದಿಂದ ಬೆಳಗಾವಿಗೆ ಬಂದು ಬಿ.ಎಸ್ಸಿ. ಓದುತ್ತಿದ್ದೆ. ಹಿಂದವಾಡಿಯ ಒಂದು ಓಣಿಯಲ್ಲಿ ಅಕ್ಕಾರ ಖಾನಾವಳಿ. ಮುಂದಿನ ಕೋಣೆಯಲ್ಲಿ ಎರಡು ಸಾಲು ಮಣೆ, ಹಿಂದೆ ಒಲೆ, ಅದರ ಹಿಂದೆ ಅವರ ಮನೆ. ಗಂಡ ತೀರಿಕೊಂಡ ಮೇಲೆ ಶುರುಮಾಡಿದ್ದಂತೆ. ಬಿಸಿ ಜೋಳದ ರೊಟ್ಟಿ, ಒಂದು ಕಾಳಿನ ಪಲ್ಯ, ಗುರೆಳ್ಳು ಚಟ್ನಿ. ಕೂತವನು ಸಾಕೆಂದರೂ ಇನ್ನೊಂದು ರೊಟ್ಟಿ ತಾಟಿಗೆ ಬೀಳುತ್ತಿತ್ತು.

ಅಲ್ಲಿ ಯಾರಿಗೂ ಹೆಸರಿರಲಿಲ್ಲ. ಊಟಕ್ಕೆ ಬರುವವರನ್ನೆಲ್ಲ ಅಕ್ಕಾರು ಊರಿನ ಹೆಸರಿನಿಂದಲೇ ಕರೆಯುತ್ತಿದ್ದರು. ಒಬ್ಬ ಅಥಣಿ, ಒಬ್ಬ ಸವದತ್ತಿ. ಒಂದೇ ಊರಿನವರು ಇಬ್ಬರಿದ್ದರೆ ದೊಡ್ಡ ಗೋಕಾಕ, ಸಣ್ಣ ಗೋಕಾಕ. ನಾನು ಖಾನಾಪುರ. ಹೀಗೇಕೆಂದು ಒಮ್ಮೆ ಕೇಳಿದ್ದೆ.

"ಬಸವರಾಜ ಅಂತ ಕರದ್ರ ಅರ್ಧ ಪಂಕ್ತಿ ಹೊರಳಿ ನೋಡತೈತಿ. ನಾ ಯಾರಿಗೆ ಅಂತ ರೊಟ್ಟಿ ಹಾಕ್ಲಿ?" ಅಂದಿದ್ದರು.

ಮೂರು ವರ್ಷ ಅವರ ಕೈಯ ಅನ್ನ ತಿಂದೆ. ನನ್ನ ಹೆಸರೇನೆಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಅವರಿಗೆ ಒಬ್ಬಳೇ ಮಗಳು. ನನ್ನದೇ ತರಗತಿ, ಆದರೆ ಬೇರೆ ಕಾಲೇಜಿನಲ್ಲಿ ಓದುತ್ತಿದ್ದಳು. ಒಲೆಯ ಕಡೆಗೆ ಆಕೆಯನ್ನು ಅಕ್ಕಾರು ಬಿಟ್ಟುಕೊಳ್ಳುತ್ತಿರಲಿಲ್ಲ. ಹಿಟ್ಟು ನಾದಲು ಬಂದರೆ ಬೈದು ಒಳಗೆ ಕಳಿಸುತ್ತಿದ್ದರು. ಮಗಳು ಹೈಸ್ಕೂಲಿನಲ್ಲಿ ಟೀಚರ್ ಆಗಬೇಕು, ತನ್ನ ಖಾನಾವಳಿ ತನ್ನೊಂದಿಗೇ ಮುಗಿಯಬೇಕು. ಅವರ ಲೆಕ್ಕ ಇಷ್ಟೇ ಇತ್ತು, ಅದನ್ನು ಪಂಕ್ತಿಯಲ್ಲಿ ಕೂತ ಎಲ್ಲರಿಗೂ ಹೇಳಿ ಹೇಳಿ ನಮಗೆ ಬಾಯಿಪಾಠವಾಗಿತ್ತು.

ಬಿ.ಎಸ್ಸಿ. ಮುಗಿದ ವರ್ಷ ನಾವಿಬ್ಬರೂ ಬಿ.ಎಡ್.ಗೆ ಅರ್ಜಿ ಹಾಕಿದೆವು. ಮೊದಲ ಪಟ್ಟಿ ಗೋಡೆಗೆ ಬಿದ್ದಾಗ ಕೊನೆಯ ಹೆಸರಿನವನಿಗಿಂತ ನನಗೆ ಒಂದೇ ಅಂಕ ಕಡಿಮೆ. ಅಕ್ಕಾರ ಮಗಳಿಗೆ ನನಗಿಂತ ಒಂದು ಕಡಿಮೆ. ಕಾಯುವವರ ಪಟ್ಟಿಯಲ್ಲಿ ಅವಳ ಹೆಸರು ಸರಿಯಾಗಿ ನನ್ನ ಹೆಸರಿನ ಕೆಳಗೆ. ಇದನ್ನು ಅವಳೇ ಬಂದು ಹೇಳಿದಳು. ಅಕ್ಕಾರು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನಮ್ಮಿಬ್ಬರನ್ನೂ ನೋಡಿದರು.

"ಅಂದ್ರ, ಇಂವಗ ಆಗಿ ಮಿಕ್ಕಿದ್ರ ನಿನಗ," ಅಂದರು. ಆಮೇಲೆ ನಕ್ಕರು. "ಏ ಖಾನಾಪುರ, ಲಗೂ ಒಳಗ ಹೋಗಪಾ. ಬಾಗಲದಾಗ ನಿಂತ ನನ್ನ ಮಗಳ ಹಾದಿ ಕಟ್ಟಬ್ಯಾಡ."

ಮುಂದಿನ ಸುತ್ತು ಹೇಗೆ ನಡೆಯುತ್ತಿತ್ತೆಂದು ಈಗಿನವರಿಗೆ ಹೇಳಬೇಕು. ಪತ್ರ ಬರುತ್ತಿರಲಿಲ್ಲ. ಸೀಟು ಸಿಕ್ಕವರಲ್ಲಿ ಕೆಲವರು ಬೇರೆ ಕಡೆ ಸೇರಿ ಜಾಗ ಖಾಲಿಯಾದ ಮೇಲೆ ಕಾಲೇಜಿನವರು ಒಂದು ದಿನ ಗೊತ್ತುಮಾಡುತ್ತಿದ್ದರು. ಆ ದಿನ ಹೆಡ್ ಕ್ಲಾರ್ಕರು ಎಲ್ಲರೆದುರು ನಿಂತು ಹೆಸರು ಕೂಗುವುದು. ಮೂರು ಸಲ ಕೂಗಿದರೂ ಯಾರೂ ಓ ಅನ್ನದಿದ್ದರೆ ಆ ಹೆಸರು ಹೋಯಿತು, ಮುಂದಿನವರದು. ನೀವು ಹೊರಗೆ ಚಹಾ ಕುಡಿಯುತ್ತಿದ್ದರೂ ಅಷ್ಟೇ, ಬಸ್ಸು ಕೆಟ್ಟು ನಿಂತಿದ್ದರೂ ಅಷ್ಟೇ.

ದಿನ ಗೊತ್ತಾಗುವವರೆಗಿನ ಆ ವಾರಗಳು... ನಾನು ಊರಿಗೆ ಮರಳಿದ್ದೆ; ಬೆಳಿಗ್ಗೆ ಖಾನಾಪುರದಲ್ಲಿ ಬಸ್ಸು ಹತ್ತುವುದು, ಕಾಲೇಜಿನ ಗೋಡೆ ನೋಡುವುದು, ಏನೂ ಇಲ್ಲ. ಖಾನಾವಳಿಗೆ ಹೋಗುವುದು, ಅಕ್ಕಾರ ಮುಖದಲ್ಲೂ ಅದೇ ಪ್ರಶ್ನೆ. ಮತ್ತೆ ಸಂಜೆಯ ಬಸ್ಸು. ಮನೆಯಲ್ಲಿ ಕೂತರೆ ಕೂರಲಾಗದು, ಓದಲು ಏನೂ ಉಳಿದಿಲ್ಲ. ನಮ್ಮ ಕಾಕಾ ಊರಿನ ಹಂಚಿನ ಕಾರ್ಖಾನೆಯಲ್ಲಿ ನನಗೊಂದು ಕೆಲಸ ಮಾತಾಡಿ ಇಟ್ಟಿದ್ದರು. ಪಂಚಮಿ ಹಬ್ಬದವರೆಗೆ ಕಾಯುತ್ತೇವೆ, ಆಮೇಲೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ ಎಂದು ಮಾಲಕರು ಹೇಳಿದ್ದರು. ಮಾರ್ಕು ಕಡಿಮೆ ಬಿದ್ದವರಿಗೂ ಹಂಚು ಎಣಿಸಲು ಬರುತ್ತದೆ ಎಂದು ಕಾಕಾ ಊಟಕ್ಕೆ ಕೂತಾಗೆಲ್ಲ ಅನ್ನುವುದು, ಅವ್ವ ಸುಮ್ಮನಿರಿ ಎಂದು ಕಣ್ಣು ಮಾಡುವುದು. ಸೀಟಿಲ್ಲದೆ ಹಬ್ಬ ಬಂದರೆ ನನ್ನ ಓದು ಅಲ್ಲಿಗೇ ಮುಗಿಯುತ್ತಿತ್ತು.

ಹಬ್ಬಕ್ಕೆ ಇನ್ನೂ ಸ್ವಲ್ಪ ದಿನವಿರುವಾಗ ಕೂಗುವ ದಿನ ಬಂತು. ಅಂದು ಅಕ್ಕಾರು ಒಲೆ ಹಚ್ಚಲಿಲ್ಲ. ಖಾನಾವಳಿಯ ಬಾಗಿಲಿಗೆ ಬೀಗ ಹಾಕಿ, ಬುತ್ತಿಯ ಡಬ್ಬಿ ಹಿಡಿದು ಮಗಳೊಂದಿಗೆ ತಾವೇ ಬಂದರು. ಜಡಿಮಳೆ. ಬಯಲಿನಲ್ಲಿ ನಿಂತು ಕೂಗುವುದು ಆಗದೆಂದು ಕ್ಲಾರ್ಕರು ಮಹಡಿಯ ಮೇಲೆ ಹೋಗಿ, ಮೆಟ್ಟಿಲ ತುದಿಯಲ್ಲಿದ್ದ ಕಬ್ಬಿಣದ ಜಾಳಿಗೆ ಬಾಗಿಲನ್ನು ಎಳೆದುಕೊಂಡು ಅದರ ಹಿಂದೆ ನಿಂತರು. ಇಡೀ ಗುಂಪು ಆ ಇಕ್ಕಟ್ಟಾದ ಮೆಟ್ಟಿಲಿಗೆ ಬಂತು. ಅಭ್ಯರ್ಥಿ ಒಬ್ಬನಾದರೆ ಅವನೊಂದಿಗೆ ಅಪ್ಪ, ಅಣ್ಣ, ಊರಿನ ಮಾಸ್ತರು. ಎಲ್ಲರ ಕೈಯಲ್ಲೂ ಕೊಡೆ. ನಾನು ಅಕ್ಕಾರನ್ನೂ ಅವರ ಮಗಳನ್ನೂ ಮುಂದೆ ಬಿಟ್ಟೆ. ಅವರು ಜಾಳಿಗೆಯ ಹತ್ತಿರ ತಲುಪಿದರು, ನಾನು ಮಧ್ಯದ ಮೆಟ್ಟಿಲಲ್ಲಿ ಸಿಕ್ಕಿಕೊಂಡೆ.

ಹೆಸರುಗಳು ಒಂದೊಂದಾಗಿ ಹೋದವು. ಕೆಲವರು ಬಂದಿರಲಿಲ್ಲ. ನನ್ನ ಹೆಸರು ಹತ್ತಿರ ಬರುತ್ತಿತ್ತು. ಅಷ್ಟರಲ್ಲಿ ಮೇಲಿನಿಂದ ಯಾರೋ ಇನ್ನು ಎರಡೇ ಸೀಟು ಉಳಿದಿವೆ ಎಂದು ಕೂಗಿದರು. ಆ ಮಾತು ಕೆಳಗೆ ಹಬ್ಬಿತು, ಮೆಟ್ಟಿಲಲ್ಲಿ ಜಾಗ ಸಿಗದೆ ಕೆಳಗಿನ ವರಾಂಡದಲ್ಲಿ ಉಳಿದಿದ್ದವರೆಲ್ಲ ಒಮ್ಮೆಲೇ ಮೇಲಕ್ಕೆ ಒತ್ತಿದರು.

ಇಲ್ಲಿಂದ ಮುಂದಿನದನ್ನು ಎಷ್ಟೋ ಸಲ ಮನಸ್ಸಿನಲ್ಲಿ ನಡೆಸಿ ನೋಡಿದ್ದೇನೆ. ಕಾಲು ಜಾರಿದ್ದು ಒದ್ದೆ ಮೆಟ್ಟಿಲಿಗೋ, ಯಾರದೋ ಕೊಡೆಯ ತುದಿ ಸಿಕ್ಕೋ, ಗೊತ್ತಿಲ್ಲ. ಬಿದ್ದೆ. ನನ್ನ ಮೇಲೆ ಇನ್ನೊಬ್ಬ ಬಿದ್ದ. ಕೆನ್ನೆ ಮೆಟ್ಟಿಲಿನ ಅಂಚಿಗೆ ಒತ್ತಿಕೊಂಡಿತು, ಬೆನ್ನ ಮೇಲೆ ಯಾರದೋ ಮೊಣಕಾಲು. ಒಳಗಿದ್ದ ಉಸಿರು ಹೊರಗೆ ಹೋಯಿತು, ಮತ್ತೆ ಒಳಗೆ ಬರಲಿಲ್ಲ. ಕಣ್ಣೆದುರು ಬರೀ ಕಾಲುಗಳು. ಅವು ನಿಲ್ಲಲು ಜಾಗ ಹುಡುಕುತ್ತಿದ್ದವು, ಜಾಗವಿದ್ದದ್ದು ನನ್ನ ಮೇಲೆ ಮಾತ್ರ. ಮೊದಲ ಸೀಟಿಗೆ ಯಾರೋ ಓ ಅಂದದ್ದು ಕೇಳಿತು. ಆಮೇಲೆ ನನ್ನ ಹೆಸರು ಕೇಳಿತು. ಬಾಯಿ ತೆರೆದೆ. ಸದ್ದು ಬರಲಿಲ್ಲ.

ಎರಡನೆಯ ಸಲವೂ ಕೇಳಿತು.

ನಂತರದ ಮಾತುಗಳಲ್ಲಿ ಕೆಲವನ್ನು ನಾನೇ ಕೇಳಿದೆ, ಕೆಲವನ್ನು ಅಲ್ಲಿದ್ದವರು ಆಮೇಲೆ ಹೇಳಿದರು. ಯಾವುದು ಯಾವುದೆಂದು ಈಗ ಬಿಡಿಸಲಾಗುವುದಿಲ್ಲ. ಹಿಂದೆ ಏನೋ ಆಯಿತೆಂದು ಅಕ್ಕಾರು ತಿರುಗಿ ನೋಡಿದ್ದಾರೆ, ಕಾಲುಗಳ ನಡುವೆ ನನ್ನ ಅಂಗಿ ಕಂಡಿದೆ. ಅವರು ಕೂಗಲಿಲ್ಲ ಇನ್ನೂ. ಯಾರೂ ಓ ಅನ್ನುತ್ತಿಲ್ಲವಲ್ಲ, ಯಾರ ಹೆಸರದು ಎಂದು ಮಗಳನ್ನು ಕೇಳಿದ್ದಾರೆ.

"ಅವ್ವಾ, ಅದು ನಮ್ಮ ಖಾನಾಪುರದವರ ಹೆಸರು," ಅಂದಳು ಮಗಳು.

ಇಬ್ಬರಿಗೂ ಗೊತ್ತಿತ್ತು, ಇನ್ನೊಂದೇ ಕೂಗು, ಅದಾದ ಮೇಲೆ ಬರುವ ಹೆಸರು ಯಾರದೆಂದು. ಆ ಕೂಗಿಗೆ ಮೊದಲು ತಾಯಿ ಮಗಳ ಮುಖ ನೋಡಿದಳೋ, ಮಗಳು ತಾಯಿಯ ಸೆರಗು ಹಿಡಿದಳೋ, ನಾನು ಕಂಡಿಲ್ಲ. ಕಾಣದ್ದನ್ನೇ ಹೆಚ್ಚು ಸಲ ಕಂಡಿದ್ದೇನೆ.

"ಖಾನಾಪುರ ಇಲ್ಲೇ ಅದಾನ್ರೀ ಸಾಹೇಬ್ರ. ಕೆಳಗ ಬಿದ್ದಾನ, ಹುಡುಗ ಸಾಯಾಕ ಹತ್ಯಾನ," ಅಕ್ಕಾರು ಒದರಿದರು.

ಖಾನಾಪುರ ಎಂಬ ಹೆಸರಿನವರು ಲಿಸ್ಟಿನಲ್ಲಿ ಯಾರೂ ಇಲ್ಲ, ಸುಮ್ಮನೆ ನಿಲ್ಲಿರಿ ಎಂದು ಕ್ಲಾರ್ಕರು ಗದರಿದರು. ಅಕ್ಕಾರಿಗೆ ಬೇರೆ ಹೆಸರು ಗೊತ್ತಿರಲಿಲ್ಲ. ಖಾನಾಪುರ, ಖಾನಾಪುರ ಎಂದೇ ಹೇಳುತ್ತ ಜಾಳಿಗೆ ಬಡಿದರು. ಕ್ಲಾರ್ಕರು ಮೂರನೆಯ ಸಲಕ್ಕೆ ಬಾಯಿ ತೆರೆದಿದ್ದರು. ಆಗ ಮಗಳು, ಪಟ್ಟಿಯಲ್ಲಿ ಓದಿಕೊಂಡಿದ್ದ ಹಾಗೆಯೇ, ನನ್ನ ಹೆಸರು, ನನ್ನ ತಂದೆಯ ಹೆಸರು, ಅಡ್ಡಹೆಸರು ಎಲ್ಲವನ್ನೂ ಸೇರಿಸಿ ಸ್ಪಷ್ಟವಾಗಿ ಹೇಳಿದಳು. "ಬಂದಾರ್ರಿ ಸರ್. ಅವರಿಗೆ ಓ ಅನ್ನಾಕ ಆಗವಲ್ದು," ಅಂದಳು.

ಅಕ್ಕಾರು ಅಷ್ಟರಲ್ಲಿ ಕೆಳಗಿಳಿಯುತ್ತಿದ್ದರು. ಬುತ್ತಿಯ ಡಬ್ಬಿಯಿಂದ ಸಿಕ್ಕಸಿಕ್ಕವರ ಬೆನ್ನಿಗೆ ಹೊಡೆಯುತ್ತ, ಸರೀರಿ ಎಂದು ಕನ್ನಡದಲ್ಲಿ, ಸರಕಾ ಬಾಜೂಲಾ ಎಂದು ಮರಾಠಿಯಲ್ಲಿ, ಬೈಗುಳವನ್ನು ಎರಡರಲ್ಲೂ. ನನ್ನ ಕಾಲರ್ ಹಿಡಿದು ಎಳೆದರು, ಅಂಗಿ ಹರಿಯಿತು. ಉಸಿರು ಒಳಗೆ ಬಂದಾಗ ಆದ ನೋವು ಬಿದ್ದಾಗಲೂ ಆಗಿರಲಿಲ್ಲ. ಕ್ಲಾರ್ಕರು ಮೇಲಿನಿಂದ ನೋಡಿ ನೀನೇ ಏನು ಎಂದರು. ಕೈ ಎತ್ತಿದೆ. ಅವರು ಪಟ್ಟಿಯಲ್ಲಿ ಗೆರೆ ಎಳೆದು, ಸೀಟು ಮುಗಿದವು, ಎಲ್ಲರೂ ಮನೆಗೆ ಹೋಗಿ ಎಂದರು.

ಯಾರೂ ಸಾಯಲಿಲ್ಲ. ಒಬ್ಬ ಮುದುಕರ ಕಾಲು ಮುರಿಯಿತು, ನನ್ನ ಪಕ್ಕೆಲುಬು ಬಿರುಕು ಬಿಟ್ಟಿತ್ತು. ಅದಕ್ಕೆ ಪಟ್ಟಿ ಸುತ್ತಿಸಿಕೊಂಡು ಬಿ.ಎಡ್. ಸೇರಿದೆ.

ಮತ್ತೆ ಖಾನಾವಳಿಗೆ ಹೋದಾಗ ಅಕ್ಕಾರು ಊಟ ಬಡಿಸಿದರು, ಮಾತಾಡಲಿಲ್ಲ. ಖಾನಾಪುರ ಅನ್ನಲೂ ಇಲ್ಲ. ರೊಟ್ಟಿ ತಂದು ತಾಟಿಗೆ ಹಾಕಿ ತಿರುಗಿ ಹೋಗುವುದು. ಹಾಗೆಯೇ ಬಹಳ ದಿನ ನಡೆಯಿತು. ಒಂದು ಮಧ್ಯಾಹ್ನ ಪಂಕ್ತಿಯಲ್ಲಿ ನಾನೊಬ್ಬನೇ ಉಳಿದಿದ್ದೆ. ಕೈ ಒರೆಸಿಕೊಳ್ಳುತ್ತ ಬಂದು ಎದುರಿನ ಮಣೆಯ ಮೇಲೆ ಕೂತರು.

"ತಿಳದ ಒದರೀನಿ ನಾ. ತಿಳೀದ ಬಾಯಿಂದ ಬಂತು ಅಂತ ಅನಕೋಬ್ಯಾಡ. ಆಕೀನೂ ತಿಳದ ಹೇಳ್ಯಾಳ. ಹಂಗಂತ ನಮಗ ಸಂಕಟ ಆಗಿಲ್ಲ ಅಂತನೂ ಅನಕೋಬ್ಯಾಡ." ತಾಟನ್ನು ನನ್ನ ಕಡೆ ಸರಿಸಿ, "ನಿನ್ನ ಮಾರಿ ನೋಡಿದ್ರ ಹೊಟ್ಟಿ ಉರೀತೈತಿ ನನಗ. ಊಟ ಮಾಡು," ಅಂದರು.

ನಾನು ಊಟ ಮಾಡಿದೆ. ಬೇರೇನು ಮಾಡಬೇಕಿತ್ತೋ ಇವತ್ತಿಗೂ ತಿಳಿದಿಲ್ಲ.

ಮರುವರ್ಷ ಮಗಳು ಮತ್ತೆ ಅರ್ಜಿ ಹಾಕಿದಳು. ಆ ವರ್ಷ ಅಂಕಗಳ ಗೆರೆ ಇನ್ನೂ ಮೇಲೆ ಹೋಯಿತು, ಕಾಯುವವರ ಪಟ್ಟಿಯಲ್ಲೂ ಹೆಸರು ಬರಲಿಲ್ಲ. ಟೈಪಿಂಗ್ ಕಲಿತು ಊರ ಹೊರಗಿನ ಮಚ್ಛೆಯ ಒಂದು ಸಣ್ಣ ಕಾರ್ಖಾನೆಯ ಆಫೀಸು ಸೇರಿದಳೆಂದು ಕೇಳಿದೆ. ನನಗೆ ದೂರದ ಹೈಸ್ಕೂಲಿನಲ್ಲಿ ನೌಕರಿಯಾಯಿತು. ನೌಕರಿಯ ಕೊನೆಯ ಹತ್ತು ವರ್ಷ ವರ್ಗವಾಗಿ ಖಾನಾಪುರಕ್ಕೇ ಬಂದೆ. ಅಷ್ಟರಲ್ಲಿ ಅವರು ಖಾನಾವಳಿ ಮುಚ್ಚಿ ಬೆಳಗಾವಿಯ ಇನ್ನೊಂದು ಭಾಗದ ಅನಗೋಳಕ್ಕೆ ಹೋಗಿದ್ದರು. ಹೋಗಬೇಕು ಅನ್ನಿಸುತ್ತಿತ್ತು. ನನ್ನ ಮುಖ ನೋಡಿದರೆ ಅವರಿಗೆ ಆಗುವ ಸಂಕಟವೂ ನೆನಪಾಗುತ್ತಿತ್ತು. ಅಕ್ಕಾರು ತೀರಿಕೊಂಡದ್ದು ಒಂದು ಮದುವೆಯಲ್ಲಿ ಸಿಕ್ಕ ಸಣ್ಣ ಗೋಕಾಕನಿಂದ ಗೊತ್ತಾಯಿತು, ಅದೂ ವರ್ಷ ಕಳೆದ ಮೇಲೆ.

ಮೊನ್ನೆ ಆ ಅಂಗಡಿಯಿಂದ ಹೊರಗೆ ಬಂದವನು ಸೊಸೆಗೆ ಫೋನ್ ಮಾಡಿ, ರಿಕ್ಷಾ ಹಿಡಿದು ಅನಗೋಳಕ್ಕೆ ಹೋದೆ. ಸಣ್ಣ ಗೋಕಾಕ ಗುರುತು ಹೇಳಿದ್ದರಿಂದ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಬಾಗಿಲು ತೆಗೆದವಳ ತಲೆ ಪೂರ್ತಿ ಬೆಳ್ಳಗಾಗಿತ್ತು. ಗುರುತು ಹಿಡಿದಳು. "ಬರ್ರಿ ಸರ್, ಕುಂದರ್ರಿ," ಅಂದಳು. ಸರ್ ಅಂದದ್ದು ಚುಚ್ಚಿತು, ಅವಳು ಚುಚ್ಚಲೆಂದು ಅಂದಿರಲಿಲ್ಲ.

ಚಹಾ ಕುಡಿಯುತ್ತ ಕೇಳಿದೆ, ಅವ್ವ ನನ್ನನ್ನು ನೆನೆಸುತ್ತಿದ್ದರೇ ಎಂದು.

"ನೆನಸೂದೇನ್ರಿ, ಜುಲೈ ಬಂತಂದ್ರ ನಿಮ್ಮನ್ನ ಬೈಯೋದ ಇರ್ತಿತ್ತು," ಎಂದು ನಕ್ಕಳು. "ನನ್ನೂ ಬೈತಿದ್ಲು. ನೀ ಯಾಕ ಹೆಸರ ಹೇಳಿದಿ, ನನಗಂತೂ ಗೊತ್ತಿರಲಿಲ್ಲ ಅಂತ."

ನಗು ನಿಂತ ಮೇಲೆ ಕಪ್ಪುಗಳನ್ನು ಎತ್ತಿಕೊಂಡಳು. ಒಳಗೆ ಹೋಗಲಿಲ್ಲ.

"ಕಡೀಕ ಎಲ್ಲಾ ಮರತಿತ್ರಿ ಆಕಿಗೆ. ಕಾಲೇಜು, ಸೀಟು, ನಾ ಓದಿದ್ದು, ಯಾವುದೂ ನೆನಪಿರಲಿಲ್ಲ. ಮಳಿ ಬಂದ್ರ ಮಾತ್ರ, 'ಆ ಹುಡುಗ ಎದ್ದನೇನ' ಅಂತ ಕೇಳತಿದ್ಲು. ಎದ್ದಾನ ಅವ್ವಾ, ಆರಾಮ ಅದಾನ ಅಂತ ಹೇಳತಿದ್ದೆ. ನಂಬತಿರಲಿಲ್ಲ. 'ಎದ್ದಿದ್ರ ಒಮ್ಮೆರೆ ಬರತಿದ್ದನಲ್ಲ' ಅಂತಿದ್ಲು."

ಆ ಮಳೆಗಾಲಗಳಲ್ಲೆಲ್ಲ ನಾನು ಒಂದು ಬಸ್ಸಿನ ದೂರದಲ್ಲಿ, ಮಕ್ಕಳಿಗೆ ಪಾಠ ಹೇಳುತ್ತಿದ್ದೆ.

ಏಳಲು ಹೋದೆ. ಮಳೆ ಜೋರಿದೆ, ಕಡಿಮೆಯಾಗುವವರೆಗೆ ಕೂರಿ ಎಂದಳು. ಕೂತೆ. ಇಬ್ಬರೂ ಬಾಗಿಲ ಕಡೆ ನೋಡುತ್ತ ಬಹಳ ಹೊತ್ತು ಕೂತಿದ್ದೆವು...