ಗುರುಲಿಂಗಪ್ಪ ಕಾಕಾ ಕುಡಿದ ನೀರು

ನಮ್ಮ ಮನೆಯಲ್ಲೊಂದು ಹಿತ್ತಾಳೆಯ ತಂಬಿಗೆ ಇದೆ. ಹುಣಸೆಹಣ್ಣು ಹಚ್ಚಿ ತಿಕ್ಕಿ ತಿಕ್ಕಿ ಹೊಟ್ಟೆ ಸವೆದಿದೆ, ಕಂಠದ ಹತ್ತಿರ ಒಂದು ನೆಗ್ಗು. ಸೊಸೆ ಎಷ್ಟು ಸಲ ಅದನ್ನು ಅಟ್ಟಕ್ಕೇರಿಸಿದಳೋ, ಅಷ್ಟು ಸಲ ನಾನು ಇಳಿಸಿಕೊಂಡಿದ್ದೇನೆ. ಬಾಗಿಲಿಗೆ ಯಾರು ಬಂದರೂ, ಬಂದ ಕಾರಣ ಕೇಳುವ ಮೊದಲು ಅದರಲ್ಲಿ ನೀರು ತಂದು ಕೊಡುತ್ತೇನೆ. ನಮ್ಮ ಸೀಮೆಯಲ್ಲಿ ಎಲ್ಲರೂ ಮಾಡುವುದೇ ಅಲ್ಲವೆ ಎಂದು ನೀವು ಕೇಳಬಹುದು. ಹೌದು, ಆದರೆ ಆ ತಂಬಿಗೆ ನನ್ನ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವಾಗ ಈ ವಯಸ್ಸಿನಲ್ಲೂ ನನ್ನ ಎದೆ ಒಮ್ಮೆ ಧಸಕ್ಕೆನ್ನುತ್ತದೆ. ಸ್ವಲ್ಪ ಕುಳಿತುಕೊಳ್ಳಿ, ಕಾರಣ ಹೇಳುತ್ತೇನೆ.

ಎಪ್ಪತ್ತರ ದಶಕದ ಅಫಜಲಪುರದಲ್ಲಿ, ಬಜಾರಿನ ತಿರುವಿಗೆ ಗುರುಲಿಂಗಪ್ಪ ಸಾವಕಾರರ ಕಿರಾಣಿ ಅಂಗಡಿ ಇತ್ತು. ಊರಿಗೆಲ್ಲ ಅವರು ಕಾಕಾ. ಬೆಲ್ಲ ತೂಗಿದ ಮೇಲೆ ಮಕ್ಕಳ ಕೈಗೊಂದು ತುಣುಕು ಇಡದೆ ಕಳಿಸುವವರಲ್ಲ. ಬಾಣಂತಿಗೆಂದು ಅಳವಿ ಬೀಜ ಕೇಳಿದರೆ ಅಂಗೈಯಲ್ಲಿ ಹಾಕಿ ನೋಡಿ, ಹಳೆಯದೆನಿಸಿದರೆ ತಾವೇ ಎದುರಿನ ಅಂಗಡಿಗೆ ಕಳಿಸಿಬಿಡುವವರು. ನಮ್ಮ ಓಣಿಗಳಿಗೆ ಕೈಗೆಟಕುವಂತಿದ್ದ ಒಂದೇ ಫೋನು ಅವರಲ್ಲಿತ್ತು. ಸೋಲಾಪುರದಿಂದಲೋ ಕಲಬುರಗಿಯಿಂದಲೋ ಟ್ರಂಕ್ ಕಾಲ್ ಬಂದರೆ, ಸುದ್ದಿಯನ್ನು ಯಾರ ಕೈಯಲ್ಲೂ ಹೇಳಿಕಳಿಸದೆ, ಅಂಗಡಿಯನ್ನು ನಿಂತಿದ್ದ ಗಿರಾಕಿಗಳಿಗೇ ಒಪ್ಪಿಸಿ ತಾವೇ ಹೊರಡುತ್ತಿದ್ದರು. ತೊಗರಿಬೇಳೆ ಕೊಳ್ಳಲು ಬಂದವರು ಇನ್ನೊಬ್ಬರಿಗೆ ಸಕ್ಕರೆ ತೂಗುತ್ತ ನಿಂತಿರುವುದು ಆ ಅಂಗಡಿಯಲ್ಲಿ ಮಾತ್ರ ಕಾಣುತ್ತಿದ್ದ ನೋಟ.

ಸುದ್ದಿ ಒಳ್ಳೆಯದಾದರೆ ಕಾಕಾ ಆ ಮನೆಯವರು ಕೊಟ್ಟ ನೀರನ್ನು ಕುಡಿದು, ಮೀಸೆ ಒರೆಸಿಕೊಂಡು, ಆಮೇಲೆ ಹೇಳುತ್ತಿದ್ದರು. ಕೆಟ್ಟದಾದರೆ ತಂಬಿಗೆಯನ್ನು ಮುಟ್ಟುತ್ತಿರಲಿಲ್ಲ. ಅವರು ಬಸವಣ್ಣನ ಒಕ್ಕಲು, ಸೂತಕ ಎಣಿಸುವವರಲ್ಲ. ಅಂಥ ಹೊತ್ತಿನಲ್ಲಿ ಗಂಟಲಿಗೆ ನೀರು ಇಳಿಯುತ್ತಿರಲಿಲ್ಲ, ಅಷ್ಟೆ. ಇದು ಅವರಿಗಿಂತ ಮೊದಲು ಗೊತ್ತಾದದ್ದು ಊರಿನ ಹೆಂಗಸರಿಗೆ. ಅಂದಿನಿಂದ ಕಾಕಾ ಹೊಸ್ತಿಲು ತುಳಿದರೆ ಸಾಕು, ತಂಬಿಗೆ ಕೈಗಿಟ್ಟು ಅವರ ಗಂಟಲನ್ನೇ ನೋಡುತ್ತ ನಿಲ್ಲುವುದು ರೂಢಿಯಾಯಿತು. ಮೆಟ್ರಿಕ್ ಫಲಿತಾಂಶ ಫೋನಿನಲ್ಲಿ ತಿಳಿದ ದಿನ ಪಾಸಾದವರ ಮನೆಯಲ್ಲೆಲ್ಲ ಕುಡಿದು ಕುಡಿದು ಹೊಟ್ಟೆ ಉಬ್ಬಿ, ನಮ್ಮ ಕಟ್ಟೆಯ ಮೇಲೆ ಉಸ್ಸೆಂದು ಕುಳಿತಿದ್ದರು. ಆದರೆ ನಕ್ಕ ದಿನಗಳು ಕಡಿಮೆ. ಇಷ್ಟು ಬೇಕಾದ ಮನುಷ್ಯ ಓಣಿಯ ತುದಿಯಲ್ಲಿ ಕಾಣಿಸಿದರೆ ಹರಟೆ ನಿಲ್ಲುತ್ತಿತ್ತು, ರೊಟ್ಟಿ ಬಡಿಯುವ ಸದ್ದು ನಿಲ್ಲುತ್ತಿತ್ತು. ನಮ್ಮ ಬಾಗಿಲು ದಾಟಿ ಹೋದರಲ್ಲ ಎಂದು ಸಮಾಧಾನ, ಮರುಕ್ಷಣ ಆ ಸಮಾಧಾನಕ್ಕೆ ನಾಚಿಕೆ. ಇದೆಲ್ಲ ಕಾಕಾಗೂ ಕಾಣುತ್ತಿತ್ತು ಎಂದು ಈಗ ಅನಿಸುತ್ತದೆ.

ನನ್ನ ಅಪ್ಪ ಶಾಲೆಯ ಮಾಸ್ತರರು. ಹೊಟ್ಟೆಯ ಆಪರೇಷನ್ನಿಗೆಂದು ಒಂದು ಬೇಸಗೆಯಲ್ಲಿ ಸೋಲಾಪುರದ ಆಸ್ಪತ್ರೆಗೆ ಹೋದಾಗ ಸೋದರಮಾವ ಜೊತೆಗಿದ್ದ. ಅಕ್ಕ ಜೇವರ್ಗಿಗೆ ಮದುವೆಯಾಗಿ ಹೋಗಿದ್ದಳು. ಮನೆಯಲ್ಲಿ ಅವ್ವ ಮತ್ತು ನಾನು. ಅವ್ವ ದಿನವೂ ಈ ತಂಬಿಗೆಯನ್ನು ಬೆಳಗಿ, ತುಂಬಿ, ಬಾಗಿಲ ಪಕ್ಕ ಇಡುತ್ತಿದ್ದಳು. ಯಾರದೇ ಚಪ್ಪಲಿಯ ಸದ್ದಾದರೂ ಒಲೆಯ ಮುಂದಿನಿಂದ ಎದ್ದು ಬರುತ್ತಿದ್ದಳು. ಸುದ್ದಿ ಬರಲಿ ಎಂದು ಬೇಡಿಕೊಳ್ಳಬೇಕೋ, ಬಾರದಿರಲಿ ಎಂದು ಬೇಡಿಕೊಳ್ಳಬೇಕೋ ನಮಗೆ ತಿಳಿಯುತ್ತಿರಲಿಲ್ಲ.

ಒಂದು ಮಟಮಟ ಮಧ್ಯಾಹ್ನ ಕಾಕಾ ಬಂದರು. ಅವ್ವ ಬಾಗಿಲ ಚೌಕಟ್ಟು ಹಿಡಿದು ನಿಂತಳು. ನೀರು ಕೊಟ್ಟವಳು ನಾನು. ಕಾಕಾ ತಂಬಿಗೆಯನ್ನು ನೋಡಿದರು, ಅವ್ವನನ್ನು ನೋಡಿದರು. ನೋಡುತ್ತ ನಿಂತದ್ದು ಸ್ವಲ್ಪ ಹೆಚ್ಚೇ ಆಯಿತೇನೋ ಎಂದು ನನಗೆ ಅಂಜಿಕೆ ಹುಟ್ಟುವಷ್ಟರಲ್ಲಿ ಎತ್ತಿ ಕುಡಿದರು. ಅಂಗಿಯ ಮೇಲೆಲ್ಲ ಚೆಲ್ಲಿಕೊಳ್ಳುತ್ತ, ಒಂದು ಹನಿಯನ್ನೂ ಉಳಿಸದೆ ಕುಡಿದರು. ಅವ್ವ ಅಲ್ಲೇ ಕುಸಿದು ಕುಳಿತು ನಕ್ಕಳು.

“ಮಾಸ್ತರು ನಿಮಗ ನೋಡಬೇಕಂತಾರಂತ, ತಂಗೆವ್ವಾ. ಈಗೇ ಹೊಂಡ್ರಿ. ನಾನೂ ಬರ್ತೇನಿ,” ಎಂದರು ಕಾಕಾ.

ಅವ್ವ ಇಳಕಲ್ ಸೀರೆ ಉಟ್ಟಳು. ಅಪ್ಪನಿಗೆ ಪರಊರಿನ ನೀರು ಒಗ್ಗುವುದಿಲ್ಲವೆಂದು ಈ ತಂಬಿಗೆಯಲ್ಲೇ ಮನೆಯ ನೀರು ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡಳು. ದುಧನಿ ದಾಟಿ ಅಕ್ಕಲಕೋಟ ಬರುವವರೆಗೂ ಅವಳ ಮಾತು ನಿಲ್ಲಲಿಲ್ಲ: ಮಾಸ್ತರನ್ನು ಈ ವರ್ಷ ಶಾಲೆಗೆ ಕಳಿಸುವುದಿಲ್ಲ, ಖಾರ ಮುಟ್ಟಿಸುವುದಿಲ್ಲ, ಹೊರಗಿನ ಪಡಸಾಲೆಯಲ್ಲಿ ಮಂಚ ಹಾಕಿಸುತ್ತೇನೆ. ಮುಂದಿನ ಸೀಟಿನಲ್ಲಿದ್ದ ಕಾಕಾ ಎಲ್ಲದಕ್ಕೂ ಹೂಂ ಎನ್ನುತ್ತಿದ್ದರು, ಒಮ್ಮೆಯೂ ಹಿಂದೆ ತಿರುಗಲಿಲ್ಲ. ಕಿಟಕಿಯಿಂದ ಬಿಸಿಗಾಳಿ ಹೊಡೆಯುತ್ತಿತ್ತು, ನಾನು ಅವರ ಬೆನ್ನನ್ನೇ ನೋಡುತ್ತಿದ್ದೆ.

ಆಸ್ಪತ್ರೆಯ ಗೇಟಿನಲ್ಲಿ ಮಾವ ತಲೆಯ ಮೇಲೆ ಟವೆಲ್ ಹಾಕಿಕೊಂಡು ಕುಳಿತಿದ್ದ. ಅಪ್ಪ ಬೆಳಿಗ್ಗೆಯೇ ತೀರಿಕೊಂಡಿದ್ದರು. ಅವ್ವನ ಕೈಯಿಂದ ತಂಬಿಗೆ ಜಾರಿ ಬಿತ್ತು, ನೆಗ್ಗು ಅಂದಿನದು. ಅವಳು ಅಳಲಿಲ್ಲ. ಕಾಕಾ ಕಡೆ ತಿರುಗಿ, “ನೀವು ನೀರು ಕುಡದ್ರೆಲ್ರಿ, ಅಣ್ಣಾರ,” ಎಂದಳು.

ಕಾಕಾ ತಂಬಿಗೆಯನ್ನು ಎತ್ತಿಕೊಂಡರು. ಅಪ್ಪನನ್ನು ಊರಿಗೆ ತಂದು ಮಣ್ಣು ಮಾಡುವ ತನಕ ಎಲ್ಲಕ್ಕೂ ಓಡಾಡಿದವರು ಅವರೇ.

ಆಮೇಲೆ ಊರು ಅವರನ್ನು ಬೈಯಲಿಲ್ಲ. ಅಷ್ಟು ಹೊತ್ತಾದರೂ ಆಕೆ ನೆಮ್ಮದಿಯಿಂದಿರಲಿ ಎಂದು ಮಾಡಿದ್ದಾರೆ ಎಂದು ಎಲ್ಲರಿಗೂ ಗೊತ್ತಿತ್ತು. ಆದರೆ ಕಾಕಾ ಕುಡಿದರೂ ನಂಬುವಂತಿಲ್ಲ ಎಂದಾದ ಮೇಲೆ ನಂಬುವುದೇನನ್ನು? ಅವರನ್ನು ಕಂಡರೆ ಅಂಜಿಕೆ ಇಮ್ಮಡಿಯಾಯಿತು. ಅದನ್ನು ಅರಿತ ಕಾಕಾ ಒಳಗೆ ಬರುವುದನ್ನು ಬಿಟ್ಟು ಅಂಗಳದಲ್ಲೇ ನಿಂತು ಸುದ್ದಿ ಹೇಳತೊಡಗಿದರು, ಕೊಟ್ಟ ನೀರಿಗೆ ಕೈಮುಗಿದು ಬೇಡವೆನ್ನತೊಡಗಿದರು. ನಮ್ಮೂರ ಬಿಸಿಲಿನಲ್ಲಿ, ಬಾಯಿ ಒಣಗಿಸಿಕೊಂಡು, ಊರಿಗೆಲ್ಲ ಬೇಕಾದ ಆ ಮನುಷ್ಯ ಯಾವ ಮನೆಯಲ್ಲೂ ನೀರು ಕುಡಿಯದಂತಾದರು. ಅವ್ವ ಅವರ ಅಂಗಡಿಯ ಕಡೆ ಹೋಗಲಿಲ್ಲ. ಇನ್ನೊಬ್ಬರ ದುಃಖವನ್ನು ಅವರನ್ನೇ ಕೇಳದೆ ಅರ್ಧ ದಿನ ಬಚ್ಚಿಡುವ ಹಕ್ಕು ಯಾರಿಗಾದರೂ ಇದೆಯೆ? ನಾನಿನ್ನೂ ಯೋಚಿಸುತ್ತೇನೆ. ನೀವೇ ಹೇಳಿ ಎಂದರೆ ನೀವೂ ಹೇಳಲಾರಿರಿ. ಅವ್ವ ಮಾತ್ರ ಒಂದು ಸಂಜೆ, ಯಾರೂ ಕೇಳದಿದ್ದರೂ, ಅಕ್ಕಲಕೋಟದ ತನಕ ನಿಮ್ಮಪ್ಪ ನನ್ನ ಸಂಗಡ ಇದ್ದರು ಎಂದಳು.

ಮರುವರ್ಷದ ಬೇಸಗೆ. ಅಕ್ಕನಿಗೆ ದಿನ ತುಂಬಿತ್ತು, ಜೇವರ್ಗಿಯ ಫೋನಿಗಾಗಿ ಕಾಯುತ್ತಿದ್ದೆವು. ಅದು ಅವಳ ಮೊದಲ ಹೆರಿಗೆ, ಕಷ್ಟವಿದೆಯೆಂದು ಡಾಕ್ಟರು ಹೇಳಿದ್ದರಿಂದ ತವರಿಗೆ ಕರೆತಂದಿರಲಿಲ್ಲ. ಕಾಕಾ ಬಂದು ಅಂಗಳದಲ್ಲಿ ನಿಂತರು, ಬೆವರಿನಲ್ಲಿ ತೊಯ್ದಿದ್ದರು. ಮುಖ ನೋಡಿದರೆ ಏನೂ ತಿಳಿಯುವಂತಿರಲಿಲ್ಲ. ಅವರು ಬಾಯಿ ತೆರೆಯುವ ಮೊದಲೇ ಅವ್ವ ಒಳಗೆ ಹೋಗಿ ತಂಬಿಗೆ ತುಂಬಿ ತಂದಳು. ಕಾಕಾ ಕೈ ಚಾಚಲಿಲ್ಲ.

“ಹಿಡೀರಿ ಅಣ್ಣಾರ. ಸುದ್ದಿ ಆಮ್ಯಾಲ ಹೇಳೀರಂತ. ಬಿಸಲಾಗ ಬಂದೀರಿ, ಮೊದಲ ನೀರು ಕುಡೀರಿ. ನಾ ನಿಮ್ಮ ಕಡಿ ನೋಡಂಗಿಲ್ಲ.”

ತಂಬಿಗೆಯನ್ನು ಅವರ ಕೈಗಿಟ್ಟು, ಅವ್ವ ಗೋಡೆಯ ಕಡೆ ಮುಖ ತಿರುಗಿಸಿ ನಿಂತಳು. ಮಗಳು ಬದುಕಿದ್ದಾಳೋ ಇಲ್ಲವೋ ತಿಳಿಯದೆ, ಅದನ್ನು ತಿಳಿದವರು ಬಾಯಾರಿಕೆ ತೀರಿಸಿಕೊಳ್ಳಲಿ ಎಂದು ಅವಳು ಕಾದಳು. ನಾನೂ ತಿರುಗಿದೆ. ಕಾಕಾ ಬಹಳ ಹೊತ್ತು ಕುಡಿದರು. ನಡುವೆ ಬಿಕ್ಕಿದಂತೆಯೂ ಕೇಳಿಸಿತು. ಖಾಲಿ ತಂಬಿಗೆ ಕಟ್ಟೆಯ ಮೇಲೆ ಕೂತ ಸದ್ದಾದ ಮೇಲೆ ಅವ್ವ, ಗೋಡೆಯನ್ನೇ ನೋಡುತ್ತ, “ಈಗ ಹೇಳ್ರಿ,” ಎಂದಳು.

ಅಕ್ಕ ಹೆಣ್ಣು ಹೆತ್ತಿದ್ದಳು. ತಾಯಿ, ಮಗು ಇಬ್ಬರೂ ಸುಖವಾಗಿದ್ದರು.

ಅಂದಿನಿಂದ ನಮ್ಮ ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಕಾಕಾಗೆ ನೀರು ಕೊಟ್ಟು ಮುಖ ತಿರುಗಿಸುವುದನ್ನು ಕಲಿತರು. ಕಾಕಾ ಈಗಿಲ್ಲ, ಅವ್ವನೂ ಇಲ್ಲ. ಸುದ್ದಿಗಳು ಜೇಬಿನಲ್ಲೇ ಬಂದು ಬೀಳುತ್ತವೆ, ಯಾರೂ ಹೊತ್ತು ತರಬೇಕಿಲ್ಲ. ಆದರೂ ನಾಳೆ ನೀವು ನಮ್ಮ ಮನೆಗೆ ಬಂದಾಗ, ತಂಬಿಗೆ ಕೈಗಿಟ್ಟ ಈ ಮುದುಕಿ ಗೋಡೆಯ ಕಡೆ ತಿರುಗಿದರೆ ಅಸಡ್ಡೆಯೆಂದು ತಿಳಿಯಬೇಡಿ. ನಿಧಾನವಾಗಿ ಕುಡಿಯಿರಿ, ನಾನು ಕಾಯುತ್ತೇನೆ.