ಗಂಗೊಳ್ಳಿಯಲ್ಲಿ ಉಂಡ ಗಂಜಿ

ಧಾರವಾಡದಲ್ಲಿ ರಾತ್ರಿ ಬಸ್ಸು ಹತ್ತಿದವಳಿಗೆ ಬೈಂದೂರು ದಾಟುವಾಗ ಎಚ್ಚರವಾಯಿತು. ಮರವಂತೆಯಲ್ಲಿ ಒಂದು ಕಿಟಕಿಗೆ ಕಡಲು, ಇನ್ನೊಂದಕ್ಕೆ ಹೊಳೆ. ಯಾವ ಕಡೆ ನೋಡಲೆಂದು ಕತ್ತು ತಿರುಗಿಸುವಷ್ಟರಲ್ಲಿ ಎರಡೂ ಹಿಂದೆ ಹೋದವು. ಕುಂದಾಪುರದಲ್ಲಿ ಇಳಿದರೆ ಗಂಗೊಳ್ಳಿ ಹೊಳೆಯಾಚೆ ಕಣ್ಣೆದುರಿಗೇ ಇದೆ, ಬಸ್ಸು ಮಾತ್ರ ಊರೆಲ್ಲ ಸುತ್ತಿ ಹೋಗುತ್ತದೆ. ನಾನು ದೋಣಿ ಹತ್ತಿದೆ.

ನಮ್ಮದು ಶಾಲೆ ಬಿಡುವಂತಿರುವ ಮಕ್ಕಳ ಜೊತೆಗೆ ನಿಲ್ಲುವ ಸ್ವಯಂಸೇವಕರ ಬಳಗ. ಧಾರವಾಡದ ಶಾಲೆಗಳಲ್ಲಿ ಕೆಲವು ವರ್ಷ ಈ ಕೆಲಸ ಮಾಡಿದ ಜಂಬ ನನಗಿತ್ತು. ನಿಯಮಗಳು ಬಾಯಿಪಾಠ: ಮಗುವಿನ ಜೊತೆ ಒಬ್ಬರೇ ಕೂತು ಮಾತಾಡಬೇಕು, ಮನೆಯವರಿಂದ ಏನನ್ನೂ ತೆಗೆದುಕೊಳ್ಳಬಾರದು. ಇಲ್ಲಿ ನನ್ನ ಪಾಲಿಗೆ ಬಂದವಳು ಒಂಬತ್ತನೆಯ ತರಗತಿಯ ಜ್ಯೋತಿ. ತಂದೆ ಇಲ್ಲ, ತಾಯಿ ಗಿರಿಜಕ್ಕ ಮೀನು ಮಾರುತ್ತಾರೆ. ಆಗೊಮ್ಮೆ ಈಗೊಮ್ಮೆ ಬರುವ ಹುಡುಗಿ ಪೂರ್ತಿ ಬಿಟ್ಟೇಬಿಡುತ್ತಾಳೆ ಎಂದು ಅವಳ ಕ್ಲಾಸ್ ಟೀಚರ್ ಶಾರದಾ ಅವರಿಗೆ ಚಿಂತೆ.

ಶಾಲೆಯ ಖಾಲಿ ಕೋಣೆಯಲ್ಲಿ ಎದುರುಬದುರು ಕುರ್ಚಿ ಹಾಕಿ ಕೂತೆವು. ಧಾರವಾಡದ ಹುಡುಗಿಯರು ಹೀಗೆ ಕೂತರೆ ಸಾಕು, ಮನಸ್ಸು ಬಿಚ್ಚುತ್ತಿದ್ದರು. ಜ್ಯೋತಿ ಬೈಗುಳಕ್ಕೆ ಕಾದವಳ ಹಾಗೆ ತಲೆ ತಗ್ಗಿಸಿ, ಏನು ಕೇಳಿದರೂ "ಎಂತ ಇಲ್ಲೆ" ಎಂದಳು.

ಸಂಜೆ ಶಾರದಾ ಟೀಚರ್ ಜೊತೆ ಅವಳ ಮನೆಗೆ ಹೋದೆ. "ಕೂಕಣಿ, ಚಾ ಕುಡಿನಿ," ಎಂದು ಗಿರಿಜಕ್ಕ ಲೋಟ ಹಿಡಿದು ಬಂದರು. "ಬ್ಯಾಡ್ರಿ, ನಾವು ಏನೂ ತಗೊಳ್ಳೂದಿಲ್ಲ," ಎಂದೆ. ನೀರನ್ನೂ ಮುಟ್ಟಲಿಲ್ಲ. ಗಿರಿಜಕ್ಕ ಲೋಟ ಒಳಗಿಟ್ಟು ಬಂದು, ನಮಗೆ ಬೆನ್ನು ಹಾಕಿ ಮೀನಿನ ಬುಟ್ಟಿ ತೊಳೆಯತೊಡಗಿದರು.

ಮರುದಿನ ಜ್ಯೋತಿ ಶಾಲೆಗೇ ಬರಲಿಲ್ಲ.

"ಮೇಡಂ, ಮೀನಿನವ್ರ ಮನಿ ಅಂದೇಳಿ ನೀವ್ ಮುಟ್ಲಿಲ್ಲೆ ಅಂತ ಅವ್ರ್ ಎಣಿಸಿರ್," ಎಂದರು ಶಾರದಾ. "ಜಾತಿ ಕಂಡ್ ಲೋಟ ಬಿಟ್ಟವ್ರನ್ನ ಅವ್ರ್ ಸುಮಾರ್ ಕಂಡಿರ್."

ನನಗೆ ಬಹಳ ನಾಚಿಕೆಯಾಯಿತು. ಮಕ್ಕಳ ಒಳ್ಳೆಯದಕ್ಕೆಂದು ಮಾಡಿದ ನಿಯಮ ಆ ಮನೆಯವರ ಕಣ್ಣಿಗೆ ಮಡಿ-ಮೈಲಿಗೆಯಾಗಿ ಕಂಡಿತ್ತು. ಬಳಗಕ್ಕೆ ಫೋನು ಮಾಡಿ, ನಿಯಮ ಮುರಿಯುತ್ತೇನೆಂದು ಹೇಳಿಯೇ ಮಧ್ಯಾಹ್ನ ಶಾರದಾ ಅವರೊಂದಿಗೆ ಮತ್ತೆ ಹೋದೆ.

"ಗಿರಿಜಕ್ಕ, ಹಸಿವಿ ಆಗೇತ್ರಿ. ಮೀನು ನನಗ ರೂಢಿಲ್ಲ, ಬ್ಯಾರೆ ಏನಿದ್ರೂ ಹಾಕ್ರಿ."

ಅವರು ನನ್ನನ್ನೇ ನೋಡಿದರು. "ನಿನ್ನೆ ಬ್ಯಾಡಾಗಿತ್ತ್, ಇವತ್ತ್ ಬೇಕಾಯ್ತಾ?"

"ನಿನ್ನೆ ನಂದು ತಪ್ಪಾತ್ರಿ."

ಗಿರಿಜಕ್ಕ ನಕ್ಕರು. ಕುಚ್ಚಲಕ್ಕಿ ಗಂಜಿ, ಮಾವಿನ ಮಿಡಿ ಉಪ್ಪಿನಕಾಯಿ ಬಂತು, ಜ್ಯೋತಿ ಬಡಿಸಿದಳು. ಎರಡನೆಯ ಸಲ ನಾನೇ ಕೇಳಿ ಹಾಕಿಸಿಕೊಂಡೆ. ಅದೇನೂ ಉಪಚಾರಕ್ಕಲ್ಲ, ಅಷ್ಟು ರುಚಿಯಾಗಿತ್ತು.

ಅಷ್ಟರಲ್ಲಿ ಪಕ್ಕದ ಮನೆಯ ದೊಡ್ಡಮ್ಮ ಬಂದು ಕೂತರು. ಏಕಾಂತದ ಮಾತು ಹಾಗಿರಲಿ, ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರದು. ಆ ಗದ್ದಲದ ನಡುವೆ ಗಂಜಿಗೆ ಸೌಟು ಹಾಕುತ್ತಲೇ ಜ್ಯೋತಿ ಬಾಯಿಬಿಟ್ಟಳು. "ಅಮ್ಮ ಬಂದರಿಗ್ ಹೋದ್ರೆ ಸಣ್ ತಂಗಿನ್ ಕಾಂಬರ್ ಯಾರ್? ಅದ್ಕೇ ಶಾಲಿಗ್ ಬತ್ತಿಲ್ಲೆ."

"ಹ್ವಾಯ್, ನಾನ್ ಇಪ್ಪುದ್ ಎಂತಕೆ ಮತ್ತೆ? ನನ್ನತ್ರ ಬಿಟ್ರೆ ಆತಿಲ್ಯಾ?" ದೊಡ್ಡಮ್ಮ ಗದರಿದರು.

"ನಿಮ್ಮತ್ರ ಕೇಂಬುಕೆ ನಾಚ್ಕಿ ಆಯ್ತ್," ಎಂದರು ಗಿರಿಜಕ್ಕ.

ನಾನು ಒಂದು ಸಲಹೆಯನ್ನೂ ಕೊಡದೆ ಕೆಲಸ ಆಗಿಹೋಯಿತು. ಖುಷಿಯಲ್ಲಿ ಶಾರದಾ ಟೀಚರ್ ಕೂಡ ಒಂದು ಬಟ್ಟಲು ಗಂಜಿ ಉಂಡರು.

ಹೊರಡುವ ದಿನ ಬೆಳಿಗ್ಗೆ ದೋಣಿಯ ಹತ್ತಿರ ಜ್ಯೋತಿ ಯೂನಿಫಾರ್ಮಿನಲ್ಲಿ ಬಂದು ಉಪ್ಪಿನಕಾಯಿ ಬಾಟಲಿ ಕೈಗಿಟ್ಟಳು. "ಅಮ್ಮ ಕೊಟ್ಟದ್. ಬಾಟ್ಲಿ ನೀವೇ ವಾಪಸ್ ತಂದ್ ಕೊಡ್ಕ್ ಅಂದ್ರ್." ಬಾಟಲಿಯನ್ನು ಜೋಪಾನವಾಗಿ ಚೀಲದೊಳಗೆ ಇಟ್ಟುಕೊಂಡೆ.

ದೋಣಿ ನಡುಹೊಳೆಗೆ ಬಂದಾಗ ತಿರುಗಿ ನೋಡಿದೆ. ದಡದಲ್ಲಿ ದೊಡ್ಡಮ್ಮನ ಸೊಂಟದ ಮೇಲೆ ಕೂತ ತಂಗಿ, ಅಕ್ಕನ ಕಡೆ ಕೈ ಚಾಚಿ ಅಳುತ್ತಿತ್ತು. ಜ್ಯೋತಿ ಒಮ್ಮೆ ನಿಂತಳು. ಆಮೇಲೆ ಬ್ಯಾಗು ಸರಿಮಾಡಿಕೊಂಡು ಶಾಲೆಯ ಕಡೆ ನಡೆದಳು.