ಒಂದು ತಾಸಿನ ವಾಕಿಂಗಿನಲ್ಲಿ ಕುಳಿತದ್ದೆಷ್ಟು

ಸೋಮವಾರ, ಬೆಳಿಗ್ಗೆ ಐದೂಮುಕ್ಕಾಲು. ಮೂಡಲಗಿಯ ನಮ್ಮ ಮನೆಯ ಬಾಗಿಲಲ್ಲಿ ನಾನು ಮತ್ತು ನನ್ನ ಹೆಂಡತಿ.

ನಾನು ನಿವೃತ್ತ ಹೆಡ್‌ಮಾಸ್ತರ. ಬಿಪಿ ಇಬ್ಬರಿಗೂ ಇದೆ. ಅಂದು ಹನ್ನೊಂದಕ್ಕೆ ಗೋಕಾಕದ ಡಾಕ್ಟರರನ್ನು ಕಾಣಬೇಕಿತ್ತು. ಈ ಸಲವೂ ಇಳಿಯದಿದ್ದರೆ ನನಗೆ ಎರಡನೇ ಗುಳಿಗೆ ಶುರು ಎಂದಿದ್ದರು. ನನಗೆ ಹೆದರಿಕೆ ಇರಲಿಲ್ಲ. ತಿಂಗಳಿಡೀ ನೋಟ್‌ಬುಕ್ಕಿನಲ್ಲಿ ‘ನಡಿಗೆ: ಒಂದು ತಾಸು’ ಎಂದು ದಿನವೂ ಬರೆದಿದ್ದೆ. ಹೆಂಡತಿ ಹಿತ್ತಲಲ್ಲೇ ಸುತ್ತುತ್ತಿದ್ದಳು. ಅದನ್ನು ನಾನು ನಡಿಗೆ ಎಂದು ಹಿಡಿದಿರಲಿಲ್ಲ.

“ಇವತ್ತ ನಾನೂ ಬರ್ತೇನ್ರಿ,” ಎಂದಳು.

ನಾಲ್ಕನೇ ಮನೆಯ ಕಟ್ಟೆಯಿಂದ ಬಟ್ಟೆ ಅಂಗಡಿಯವರು ಎಂದಿನಂತೆ ಕರೆದರು. “ಬರ್ರಿ ಸರ, ಚಾ ಆಗೇತಿ.” ಕರೆದಲ್ಲಿ ಕೂಡದೆ ಹೋದರೆ ನಮ್ಮ ಕಡೆ ಅವರ ಮೇಲೆ ಸಿಟ್ಟಾದಂತೆ ಲೆಕ್ಕ. ಕುಳಿತೆ. ಉಪ್ಪು ಹಚ್ಚಿದ ಶೇಂಗಾ ಬಂತು. ಹೆಂಡತಿ ಕೂಡಲಿಲ್ಲ, ಗಡಿಯಾರ ನೋಡುತ್ತ ನಿಂತಳು. ಮುಂದೆ ನಾಗನೂರ ರಸ್ತೆಯ ರೈತ ಗೆಳೆಯನ ಅಂಗಳದಲ್ಲಿ ನನಗೆಂದೇ ಒಂದು ಕುರ್ಚಿ ಹಾಕಿತ್ತು, ಅಲ್ಲೂ ಕುಳಿತೆ.

ಮನೆಗೆ ಬಂದ ಮೇಲೆ ಅವಳೆಂದಳು: “ನಡದದ್ದು ಇಪ್ಪತ್ತು ನಿಮಿಷ. ಉಳದದ್ದು ಕುಂತದ್ದು. ಹಂಗಾರ ನಮ್ಮ ಎಮ್ಮಿನೂ ದಿನಾ ವಾಕಿಂಗ್ ಮಾಡ್ತೈತಿ ಬಿಡ್ರಿ.”

ಡಾಕ್ಟರರು ಇಬ್ಬರದೂ ನೋಡಿದರು. ಅವಳದು ಇಳಿದಿತ್ತು. ನನ್ನದು ಇದ್ದಲ್ಲೇ ಇತ್ತು. ನೋಟ್‌ಬುಕ್ ತಿರುವಿ ಹಾಕಿ, “ದಿನಾ ಒಂದ ತಾಸ ನಡದ್ರೂ ಇಳದಿಲ್ಲಂದ್ರ, ಗುಳಿಗಿ ಹೆಚ್ಚ ಮಾಡೋದ ಸರ,” ಎಂದು ಪೆನ್ನು ತೆಗೆದರು. ಹೆಂಡತಿಯ ಮುಖ ನೋಡಿದೆ. ಅವಳು ಫ್ಯಾನು ನೋಡುತ್ತಿದ್ದಳು.

ಕಾಪಿ ಹೊಡೆದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದವನು ನಾನು. ಎದ್ದು ನಿಂತೆ. “ಅದರಾಗ ನಲವತ್ತು ನಿಮಿಷ ಕುಂತದ್ದ್ರಿ. ಶೇಂಗಾನೂ ತಿಂದೇನಿ.”

ಡಾಕ್ಟರರು ನಕ್ಕು ಪೆನ್ನಿನ ಮುಚ್ಚಳ ಹಾಕಿದರು. “ಒಂದ ತಿಂಗಳ ಖರೇನ ನಡದು ಬರ್ರಿ. ಆಮ್ಯಾಲ ನೋಡೂಣು.”

ಸಂಜೆ ಎರಡೂ ಮನೆಗೆ ಹೋಗಿ ನಿಂತೇ ಹೇಳಿದೆ: “ನಾಳಿಯಿಂದ ನೀವು ಕರಿಯೂದು ಬ್ಯಾಡ. ನಾ ಕರೀತೇನಿ, ಎದ್ದು ಬರ್ರಿ.” ಗೆಳೆಯ ಕುರ್ಚಿ ಮಡಿಚುತ್ತ, “ಚಾನೂ ನಡಕೊಂತ ಕುಡಿಯೂದೇನ್ರಿ?” ಎಂದ.

ಏಳು ಗಂಟೆಗೆ ಕೆಂಪು ಪೆನ್ನು ಹಿಡಿದು ಕುಳಿತೆ. ತಿಂಗಳ ಪ್ರತಿ ಸಾಲಿನಲ್ಲೂ ‘ಒಂದು ತಾಸು’ ಹೊಡೆದುಹಾಕಿ ‘ಇಪ್ಪತ್ತು ನಿಮಿಷ’ ಎಂದು ತಿದ್ದಿದೆ. ಬದಿಯಲ್ಲಿ ಇನ್ನೊಂದು ಗೆರೆ ಎಳೆದು ಹೆಂಡತಿಯ ಹಿತ್ತಲ ನಡಿಗೆಯನ್ನು, ಅವಳನ್ನೇ ಕೇಳಿ, ಮೊದಲ ದಿನದಿಂದ ತುಂಬಿಸಿದೆ. ಕೊನೆಯ ಸಾಲಾದ ಮೇಲೆ ನೋಟ್‌ಬುಕ್ಕನ್ನು ಅವಳ ಕೈಗೆ ಕೊಟ್ಟೆ.